ಷಡ್ಡಕರ ಜೀಪು, ನನ್ನ ಎಂಜಿನ್ನು

ನನ್ನ ಷಡ್ಡಕರ ಪಾದಗಳು ಮೊರದಷ್ಟು ಅಗಲ. ಹೆಬ್ಬೆರಳು ಉಳಿದ ಬೆರಳುಗಳ ಜೊತೆ ಮಾತು ಬಿಟ್ಟಂತೆ ದೂರ ನಿಂತಿರುತ್ತಿತ್ತು. ಜೀಪು ಹತ್ತುವ ಮೊದಲು ಅವರು ಚಪ್ಪಲಿ ಕಳಚುತ್ತಿದ್ದರು. ಬರಿಗಾಲಲ್ಲಿ ಕ್ಲಚ್ಚು ತುಳಿದರೇ ಅವರಿಗೆ ಸಮಾಧಾನ. ಕಳಚಿದ್ದನ್ನು ಎತ್ತಿ ಒಳಗಿಡಲು ಮರೆತು ಹೊರಟುಬಿಡುವುದೂ ಅವರ ಪದ್ಧತಿಯೇ. ಹಾಗಾಗಿ ಬಿಜೂರಿನಿಂದ ಮರವಂತೆವರೆಗೆ ನೆಂಟರ ಅಂಗಳಗಳಲ್ಲೆಲ್ಲ ಅವರ ಒಂದೊಂದು ಜೊತೆ ಚಪ್ಪಲಿ ಬಿದ್ದಿರುತ್ತಿತ್ತು. ಯಾರೂ ಬೈಯುತ್ತಿರಲಿಲ್ಲ. ತೊಳೆದು, ಮೆಟ್ಟಿಲ ಬದಿಗೆ ಜೋಡಿಸಿಡುತ್ತಿದ್ದರು. ಅದೇ ನೆಂಟರ ಮನೆಯಲ್ಲಿ ನಾನೊಮ್ಮೆ ಕೊಡೆ ಮರೆತು ಬಂದಿದ್ದೆ. ಮರುದಿನ ಕೇಳಿದರೆ, ಯಾವ ಕೊಡೆ, ನೀವು ಬಂದದ್ದು ಯಾವಾಗ ಅಂದರು.

ಅವರು ನನ್ನ ಹೆಂಡತಿಯ ಅಕ್ಕನ ಗಂಡ. ಬಿಜೂರಿನಲ್ಲಿ ಗದ್ದೆ, ತೆಂಗು ಮಾಡಿಕೊಂಡಿದ್ದವರು. ನನ್ನದು ಬ್ರಹ್ಮಾವರದಲ್ಲಿ ಪೈಂಟು, ಹಾರ್ಡ್‌ವೇರಿನ ಅಂಗಡಿ. ನಮ್ಮಿಬ್ಬರಿಗೂ ಮಾವನ ಮನೆ ಕಿರಿಮಂಜೇಶ್ವರದಲ್ಲಿ, ಹೆದ್ದಾರಿಯಿಂದ ಸಮುದ್ರದ ಕಡೆಗೆ ಇಳಿಯುವ ಮಣ್ಣಿನ ಓಣಿಯ ಕೊನೆಗೆ. ಮಾವ ಪ್ರಾಯದಲ್ಲಿ ಒಂದು ಡೀಸೆಲ್ ಜೀಪು ಇಟ್ಟುಕೊಂಡಿದ್ದರು. ಮರಳು, ಕೆಸರು, ಗದ್ದೆಯಂಚು ಯಾವುದಕ್ಕೂ ಜಗ್ಗದ, ಎಂಜಿನ್ನು ನಾಲ್ಕೂ ಚಕ್ರ ತಿರುಗಿಸುವ ಜೀಪು. ದೋಣಿ ದಡಕ್ಕೆಳೆಯಲು, ಹೂತ ಲಾರಿ ಎತ್ತಲು, ಹೆರಿಗೆ ನೋವಿನವರನ್ನು ಸಾಗಿಸಲು ಊರಿಗೆಲ್ಲ ಅದೇ ಆಗಬೇಕಿತ್ತು. ಮಾವನಿಗೆ ಕಣ್ಣಿನ ನರ ಸೋತು, ಡಾಕ್ಟರರು ಇನ್ನು ಮಾಡುವಂಥದ್ದಿಲ್ಲ ಅಂದ ಮೇಲೆ ಜೀಪಿನ ಕೀಲಿಕೈ ದೊಡ್ಡ ಅಳಿಯನ ಕೈಗೆ ಹೋಯಿತು. ನನ್ನ ಮುಖ ಸಣ್ಣಗಾದದ್ದನ್ನು ಯಾರೋ ಮಾವನಿಗೆ ಹೇಳಿರಬೇಕು. "ನಿಂಗೆ ಅಂಗ್ಡಿ ಇತ್ತಲ, ಜೀಪ್ ಎಂತಕ್ಕೆ?" ಎಂದು ಸಮಾಧಾನ ಮಾಡಿದರು. ಅಂಗಡಿ ನನ್ನ ಅಪ್ಪ ಮಾಡಿದ್ದು, ಅವರು ಕೊಟ್ಟದ್ದಲ್ಲ. ಆದರೆ ಇದನ್ನೆಲ್ಲ ಮಾವನ ಹತ್ತಿರ ವಾದ ಮಾಡಲಿಕ್ಕಾಗುತ್ತದೆಯೇ?

ಕಣ್ಣು ಹೋದ ಮೇಲೆ ಮಾವ ಇಡೀ ದಿನ ಜಗಲಿಯ ಕುರ್ಚಿಯಲ್ಲೇ. ಷಡ್ಡಕರ ಜೀಪು ಹೆದ್ದಾರಿ ಬಿಟ್ಟು ಓಣಿಗೆ ಇಳಿದದ್ದೇ, ಆ ಗುಡುಗುಡು ಸದ್ದಿಗೆ ಅವರು ಕುರ್ಚಿಯ ಕೈ ಒತ್ತಿ ಎದ್ದು ನಿಲ್ಲುತ್ತಿದ್ದರು. ಕಂಬ ಹಿಡಿದುಕೊಂಡು, ಜೀಪು ಅಂಗಳಕ್ಕೆ ಬಂದು ನಿಲ್ಲುವವರೆಗೂ ಹಾಗೇ ನಿಂತಿರುತ್ತಿದ್ದರು. ಮೊಮ್ಮಕ್ಕಳು ಬಂದರೂ ಏಳದ ಜನ. ನಾನು ಕಾರಲ್ಲಿ ಬಂದರೆ ಕೂತಲ್ಲಿಂದಲೇ, "ಯಾರ್ ಅದ್?"

ಆ ಪ್ರಶ್ನೆ ನನಗೆ ನಾಟುತ್ತಿತ್ತು. ಸುಳ್ಳೇಕೆ ಹೇಳಲಿ, ಅದಕ್ಕಾಗಿಯೇ ನಾನೂ ಒಂದು ಜೀಪು ಕೊಂಡೆ. ಅದೇ ಮಾಡೆಲು, ಅದೇ ಎಂಜಿನ್ನು. ಮಳೆಗಾಲದಲ್ಲಿ ಸಿಮೆಂಟು ಸಾಗಿಸಲು ಬೇಕು ಅಂತ ಹೆಂಡತಿಗೆ ಹೇಳಿದೆ. ಅವಳು ನಂಬಲಿಲ್ಲ. ಮೊದಲ ಭಾನುವಾರವೇ ಕಿರಿಮಂಜೇಶ್ವರಕ್ಕೆ ಬಿಟ್ಟೆ. ಓಣಿಗೆ ಇಳಿಯುತ್ತಿದ್ದಂತೆ ಮಾವ ಎದ್ದು ನಿಂತದ್ದು ದೂರದಿಂದಲೇ ಕಂಡಿತು. ಎದೆ ಉಬ್ಬಿತು. ಅಂಗಳದಲ್ಲಿಳಿದು, ಮಾವ, ನಾನು, ಅಂದೆ. "ಓ, ನೀನಾ," ಎಂದು ಅವರು ಕೂತುಬಿಟ್ಟರು.

ಅವತ್ತು ಕೊಟ್ಟೆಕಡುಬು ಅರ್ಧಕ್ಕೇ ಬಿಟ್ಟು ಎದ್ದೆ. ಮುಂದಿನ ಸಲವೂ ಹಾಗೇ, ಅದರ ಮುಂದಿನ ಸಲವೂ ಹಾಗೇ. ಏಳುವುದು ಷಡ್ಡಕರಿಗಾಗಿ, ಕೂರುವುದು ನನ್ನ ದನಿ ಕೇಳಿ. ನನಗೆ ಎಷ್ಟು ಉರಿಯಿತೆಂದರೆ, ಆ ವರ್ಷ ಮಳೆ ಕಳೆದದ್ದೇ ಕುಂದಾಪುರದ ಗ್ಯಾರೇಜಿಗೆ ಹೋಗಿ ಆ ಎಂಜಿನ್ನು ಕಿತ್ತು ಹಾಕಿಸಿ, ಯಾವುದೋ ಕಾರಿನ ಹೊಸ ಕಾಲದ ಡೀಸೆಲ್ ಎಂಜಿನ್ನು ಕೂರಿಸಿಬಿಟ್ಟೆ. ಹಳೆಯದರಲ್ಲಿ ದಮ್ಮಿಲ್ಲ, ಹೊಗೆ ಜಾಸ್ತಿ ಅಂತ ಊರಿಗೆಲ್ಲ ಹೇಳಿಕೊಂಡು ತಿರುಗಿದೆ. ಹೊಸದು ಬೆಣ್ಣೆಯಂತೆ ಓಡುತ್ತಿತ್ತು. ಕಿರಿಮಂಜೇಶ್ವರದ ಜಗಲಿಯಿಂದ ಮಾತ್ರ ಮತ್ತೆ ಅದೇ, "ಯಾರ್ ಅದ್?" ಅವರು ಎದ್ದು ನಿಂತು ಮತ್ತೆ ಕೂತುಬಿಡುವುದಕ್ಕಿಂತ ಇದು ವಾಸಿ ಅನಿಸಿತು. ಕಿತ್ತ ಎಂಜಿನ್ನು ನನ್ನ ಗೋದಾಮಿನ ಮೂಲೆಯಲ್ಲಿ ಗೋಣಿ ಹೊದ್ದು ಬಿತ್ತು.

ಆಮೇಲೆ ಷಡ್ಡಕರ ಜೀಪು ಕೆಟ್ಟಿತು. ಅದು ಮಾವನ ಕಾಲದ್ದೇ ತಪ್ಪು. ಕಿರಿಮಂಜೇಶ್ವರದ ಬಾವಿಯಲ್ಲಿ ಬೇಸಿಗೆಗೆ ಉಪ್ಪುನೀರು ಏರುತ್ತದೆ. ಮನೆಯವರು ಕುಡಿಯಲು ಬೇರೆ ಕಡೆಯಿಂದ ತರುತ್ತಾರೆ. ಜೀಪಿನ ರೇಡಿಯೇಟರಿಗೆ ಮಾತ್ರ ಮಾವ ವರ್ಷಗಟ್ಟಲೆ ಅದೇ ಬಾವಿಯ ನೀರು ಹೊಯ್ದಿದ್ದರು. ಅದು ಒಳಗೊಳಗೇ ಬ್ಲಾಕನ್ನು, ಎಂದರೆ ಎಂಜಿನ್ನಿನ ಎರಕದ ಮೈಯನ್ನೇ ತಿಂದು ಹಾಕಿತ್ತು. ನೀರು ಎಣ್ಣೆಗೆ ಸೇರಿ ಎಣ್ಣೆ ಮಜ್ಜಿಗೆಯಂತಾಗಿತ್ತು. ಏನು ಮಾಡುವುದು ಎಂದು ಮಾವನ ಜಗಲಿಯಲ್ಲಿ ಎಲ್ಲರೂ ಕೂತು ಮಾತಾಡಿದರು. ನಾನು ಬದಲಾಯಿಸುವ ಪಕ್ಷ. ನನ್ನ ಜೀಪನ್ನೇ ತೋರಿಸಿ, ಹಳೆಯದನ್ನು ಬಿಚ್ಚಿ ಕಟ್ಟುವುದು ಮುಗಿಯದ ಕೆಲಸ, ಸಾಮಾನು ಸಿಗುವುದಿಲ್ಲ, ಹೊಸದು ಕೂರಿಸಿದರೆ ತಲೆಬಿಸಿ ಮುಗಿಯಿತು ಎಂದು ಭಾಷಣ ಬಿಗಿದೆ. ನಾನು ಹೇಳಿದ್ದೆಲ್ಲ ನಿಜವೇ. ಹೇಳಿದ ಕಾರಣ ಬೇರೆ. ಅವರದೂ ಸದ್ದು ಬದಲಾದರೆ ಮಾವ ಅವರನ್ನೂ ಯಾರು ಅಂತ ಕೇಳುತ್ತಾರಲ್ಲ, ಅದು ನನಗೆ ಬೇಕಿತ್ತು.

ಮನೆಯವರೆಲ್ಲ ನನ್ನ ಕಡೆಗೆ ವಾಲಿದರು. ಆ ಮನೆಯಲ್ಲಿ ನನ್ನ ಮಾತು ನಡೆದದ್ದು ಅದೇ ಮೊದಲು. ಷಡ್ಡಕರು ಎಲ್ಲ ಕೇಳಿಸಿಕೊಂಡು, "ಕಾಂಬ," ಎಂದು ಎದ್ದರು. ಕಾಂಬ ಅಂದರೆ ನೋಡೋಣ, ಅವರ ಬಾಯಲ್ಲಿ ಮಾತ್ರ ಆಗುವುದಿಲ್ಲ ಅಂತ ಅರ್ಥ. ಯಾರಿಗೂ ಎದುರು ಆಡುವವರಲ್ಲ.

ಅದೇ ವಾರ ಅವರು ಬಸ್ಸಿನಲ್ಲಿ ಬ್ರಹ್ಮಾವರಕ್ಕೆ ಬಂದರು. ನನ್ನ ಅಂಗಡಿಗೆ ಅವರು ಕಾಲಿಟ್ಟದ್ದು ಅವತ್ತೇ ಮೊದಲು. ಪೈಂಟಿನ ಡಬ್ಬಿಯ ಮೇಲೆ ಕೂತು, ಕೊಟ್ಟ ಚಾ ಕುಡಿದು, ನನ್ನ ವ್ಯಾಪಾರ ಕೇಳಿ, ಮಗಳ ಓದು ಕೇಳಿ, ಕಡೆಗೆ ನನ್ನ ಹಳೆಯ ಎಂಜಿನ್ನಿನ ಬ್ಲಾಕು ಕೊಡುತ್ತೀರಾ ಎಂದರು. ಕ್ರ್ಯಾಂಕು, ಹೆಡ್ಡು ತನ್ನ ಜೀಪಿನದ್ದೇ ಆಗುತ್ತದೆ, ಮೈಯೊಂದು ಸಿಕ್ಕಿದರೆ ಬಿಚ್ಚಿ ಕಟ್ಟಬಹುದು ಎಂದು ಫಿಟ್ಟರ್ ಹೇಳಿದ್ದಾನಂತೆ. ಮೂರು ತಾಲೂಕು ಹುಡುಕಿದರೂ ಎಲ್ಲೂ ಇಲ್ಲವಂತೆ.

ಗುಜರಿಯವನಿಗೆ ಮಾತು ಕೊಟ್ಟಾಗಿದೆ ಎಂಬ ಸುಳ್ಳು ನನ್ನ ನಾಲಿಗೆ ತುದಿಗೆ ಬಂದಿತ್ತು. ಕೊಡದಿದ್ದರೆ ಅವರು ಬದಲಾಯಿಸಲೇಬೇಕು, ನಾವಿಬ್ಬರೂ ಸಮ. ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಅವರು ಲೋಟ ಕೆಳಗಿಟ್ಟು, "ಹೊಸ್ತ್ ಹಾಕ್ರೆ ಜೀಪೇನೋ ಓಡತ್ತ್. ಮಾವಂಗೆ ಈಗ ಉಳ್ದದ್ದ್ ಕೆಮಿ ಒಂದೇ ಅಲ್ದಾ ಮಾರಾಯ್ರೆ," ಎಂದರು. ಕಿವಿಗೆ ನಮ್ಮಲ್ಲಿ ಕೆಮಿ ಅನ್ನುತ್ತೇವೆ. ಆ ಕೆಮಿಯ ವಿಷಯ ಅವರಿಗೂ ಗೊತ್ತಿತ್ತು ಹಾಗಾದರೆ. ನನ್ನ ವಿಷಯವೂ ಗೊತ್ತಿತ್ತೋ ಏನೋ, ತೋರಿಸಿಕೊಳ್ಳಲಿಲ್ಲ.

ಕೊಟ್ಟೆ. ಸುಮ್ಮನೆ ಕೊಟ್ಟೆನೇ? ಇಲ್ಲ. ನಗೆಯಾಡಿದಂತೆ ಮಾಡಿ, ಇದು ನನ್ನ ಎಂಜಿನ್ನು ಅಂತ ನೀವು ಮಾವನ ಎದುರಿಗೆ, ಎಲ್ಲರ ಎದುರಿಗೆ ಹೇಳಬೇಕು ಎಂದೆ. ಇಷ್ಟೇಯಾ ಎಂದು ಅವರು ಹೊಟ್ಟೆ ಕುಣಿಸಿ ನಕ್ಕರು.

ಈ ಷರತ್ತೇ ನನಗೆ ಮುಳುವಾಯಿತು. ಬಿಚ್ಚಿ ಕಟ್ಟಿದ ಎಂಜಿನ್ನನ್ನು ಮೊದಲ ಕೆಲವು ವಾರ ಓಡಿಸಬಾರದು, ನಡೆಸಬೇಕು. ಒಳಗಿನ ಪಿಸ್ಟನ್ನು, ರಿಂಗು ಎಲ್ಲ ಒಂದಕ್ಕೊಂದು ಒಗ್ಗುವವರೆಗೆ ಬೆದರಿಸುವಂತಿಲ್ಲ. ಸರಿಯಾಗಿ ಅದೇ ಸಮಯಕ್ಕೆ ಮಾವನ ಮನೆಯಲ್ಲಿ ಮೊಮ್ಮಗಳ ಮದುವೆ ಬಂತು. ನಮ್ಮ ಕಡೆ ಕಾಗದ ಕಳಿಸಿದರೆ ಅದು ಕರೆದ ಹಾಗಲ್ಲ. ಮನೆಮನೆಗೆ ಹೋಗಿ ಬಾಯಲ್ಲಿ ಹೇಳಿಕೆ ಕೊಡಬೇಕು. ಕೋಟ, ಸಾಲಿಗ್ರಾಮದ ಕಡೆಯ ನೆಂಟರನ್ನು ನನಗೆ ವಹಿಸಿದರು, ಬೈಂದೂರು ಕಡೆಯವರನ್ನು ಅವರಿಗೆ. ನಾನು ನನ್ನ ಹೊಸ ಎಂಜಿನ್ನಿನಲ್ಲಿ ಜುಂಯ್ ಅಂತ ಹೋಗಿ, ಬಾಗಿಲಲ್ಲೇ ನಿಂತು ಹೇಳಿ, ಶನಿವಾರ ಭಾನುವಾರಕ್ಕೆ ಮುಗಿಸಿ ಕೈ ತೊಳೆದುಕೊಂಡೆ. ಅವರು ಆಮೆಯ ಹಾಗೆ ಹೊರಟರು. ಮರವಂತೆಯಲ್ಲಿ ಹಿಂದಿನ ಲಾರಿಗಳು ಹಾರ್ನು ಹೊಡೆದು ಸಾಯುತ್ತಿದ್ದರೆ ಇವರು ಕೈ ಹೊರಗೆ ಹಾಕಿ, ಹೋಯ್ನಿ ಹೋಯ್ನಿ ಅಂತ ದಾರಿ ಬಿಡುತ್ತಿದ್ದರಂತೆ. ಎಂಜಿನ್ನು ತಣಿಯಲಿ ಎಂದು ಪ್ರತಿ ಮನೆಯಲ್ಲೂ ಕೂತರು. ಕೂತಲ್ಲಿ ಚಾ, ಅವಲಕ್ಕಿ, ಕೆಲವು ಕಡೆ ಊಟ, ಒಂದು ಕಡೆ ಸೊಂಟ ಹಿಡಿದ ಅಜ್ಜಿಯನ್ನು ಡಾಕ್ಟರರ ಹತ್ತಿರ ಕರೆದೊಯ್ದು ವಾಪಸ್ಸು ಬಿಟ್ಟದ್ದು. ಎಲ್ಲ ಕಡೆಯೂ ಬಾನೆಟ್ಟು ತೆರೆದು, ಇದು ನಮ್ಮ ಬ್ರಹ್ಮಾವರದವರ ಎಂಜಿನ್ನು, ಅವರು ಕೊಡದಿದ್ದರೆ ಮಾವನ ಜೀಪು ಗುಜರಿಗೆ ಹೋಗುತ್ತಿತ್ತು ಎಂದು ತೋರಿಸಿದ್ದು.

ಮದುವೆಯ ದಿನ ಚಪ್ಪರದಲ್ಲಿ ಗುರುತಿಲ್ಲದವರೆಲ್ಲ ಬಂದು ನನ್ನ ಕೈ ಹಿಡಿದರು. "ಹ್ವಾಯ್, ಎಂಜಿನ್ ಕೊಟ್ಟವ್ರ್ ನೀವೇ ಅಲ್ದಾ?" ನಾನು ಹಿಗ್ಗಿ ಹೌದು ಅನ್ನುವಷ್ಟರಲ್ಲಿ, ಎಂಥ ಮನುಷ್ಯರಪ್ಪ ನಿಮ್ಮ ಷಡ್ಡಕರು, ಇನ್ನೊಬ್ಬರು ಮಾಡಿದ್ದನ್ನು ಹೀಗೆ ಬಾಯಿ ತುಂಬ ಹೇಳುವವರು ಈ ಕಾಲದಲ್ಲಿ ಯಾರಿದ್ದಾರೆ, ಎಂದು ಅವರನ್ನು ಹೊಗಳುತ್ತಾ ಊಟದ ಪಂಕ್ತಿಗೆ ಹೋಗುತ್ತಿದ್ದರು. ಕೊಟ್ಟವನು ನಾನು, ಹೊಗಳಿಕೆ ಅವರಿಗೆ! ಇದಕ್ಕೇನು ಮಾಡುತ್ತೀರಿ? ಷಡ್ಡಕರು ಕೆಟ್ಟವರಾಗಿದ್ದರೆ ಬೈದು ಹಗುರಾಗಬಹುದಿತ್ತು. ಆ ಜನ ನನಗೆ ಬೈಯಲಿಕ್ಕೂ ಒಂದು ಎಡೆ ಕೊಡಲಿಲ್ಲ. ಮಾವ ಮಾತ್ರ ಅವತ್ತು ನನ್ನನ್ನು ಹತ್ತಿರ ಕೂರಿಸಿಕೊಂಡು ಬೆನ್ನು ಸವರಿದರು. ಆ ಮನೆಯಲ್ಲಿ ಅಷ್ಟು ವರ್ಷ ನಾನು ಸಣ್ಣ ಅಳಿಯ. ಹೆಸರು ಹಿಡಿದು, ಊರು ಹಿಡಿದು ನೆಂಟರು ನನ್ನನ್ನು ಮಾತಾಡಿಸತೊಡಗಿದ್ದು ಆ ಮದುವೆಯ ನಂತರ. ಅದು ಷಡ್ಡಕರು ಮನೆಮನೆಗೆ ಹೋಗಿ ಮಾಡಿಕೊಟ್ಟ ಜಾಗ ಎಂದು ನನಗೆ ಗೊತ್ತು. ಗೊತ್ತಿದ್ದೂ ಹೊಟ್ಟೆಕಿಚ್ಚು ಕಡಿಮೆಯಾಗಲಿಲ್ಲ, ಅದು ಬೇರೆ ಮಾತು.

ಆಮೇಲೆ ಅವರ ಜೀಪು ಓಣಿಗೆ ಇಳಿದಾಗಲೆಲ್ಲ ಮಾವ ಮೊದಲಿನಂತೆಯೇ ಏಳುತ್ತಿದ್ದರು. ನಾನು ಜಗಲಿಯಲ್ಲಿ ಕೂತು ನೋಡುತ್ತಿದ್ದೆ. ನಾನೇ ಕಿತ್ತು ಬಿಸಾಡಿದ ಎಂಜಿನ್ನಿಗೆ ಅವರು ಏಳುವುದು, ಅದರ ಸ್ಟೇರಿಂಗಿನಲ್ಲಿ ಇನ್ನೊಬ್ಬರು ನಗುತ್ತಾ ಬರುವುದು.

ಹೋದ ಮಳೆಗಾಲದಲ್ಲಿ ಷಡ್ಡಕರು ತೀರಿಕೊಂಡರು. ನಾಟಿ ಮುಗಿಸಿ ಬಂದವರಿಗೆ ಜ್ವರ ಹತ್ತಿತು, ವಾರದೊಳಗೆ ಮುಗಿಯಿತು. ಸಾಯುವ ಪ್ರಾಯವಲ್ಲ. ಅಂಗಳದಲ್ಲಿ ನಿಲ್ಲಲು ಜಾಗವಿಲ್ಲದಷ್ಟು ಜನ, ಸುರಿಯುವ ಮಳೆಯಲ್ಲಿ. ಅಲ್ಲೂ ನನಗೆ, ನಾನು ಸತ್ತರೆ ಇದರ ಅರ್ಧ ಜನ ಬರುತ್ತಾರೆಯೇ ಎಂಬ ಲೆಕ್ಕ ಬಂದುಹೋಯಿತು. ಎಂಥ ಜನ್ಮ ನನ್ನದು. ಉತ್ತರಕ್ರಿಯೆಯ ಬೊಜ್ಜ ಕಳೆದ ಮೇಲೆ ಷಡ್ಡಕರ ಹೆಂಡತಿ, ನಮ್ಮ ಅತ್ತಿಗೆ, ಜೀಪಿನ ಕೀಲಿಕೈ ತಂದು ನನ್ನ ಅಂಗೈಯಲ್ಲಿಟ್ಟರು. ಹೆಣ್ಣುಮಕ್ಕಳಿಬ್ಬರೂ ದೂರದಲ್ಲಿದ್ದಾರೆ, ಜೀಪು ನಿಂತಲ್ಲೇ ತುಕ್ಕು ಹಿಡಿಯುತ್ತದೆ, ಎಂಜಿನ್ನಂತೂ ನಿಮ್ಮದೇ ಎಂದರು.

ಮಳೆ ಬಿಟ್ಟು ಸ್ವಲ್ಪ ಹೊಳವಾದ ಒಂದು ಬೆಳಿಗ್ಗೆ ಬಿಜೂರಿನಿಂದ ಅದನ್ನು ಹೊರಡಿಸಿದೆ. ಕಿರಿಮಂಜೇಶ್ವರದ ಓಣಿಗೆ ಇಳಿದೆ. ಮಾವ ಎದ್ದು ನಿಂತಿದ್ದರು. ಅಳಿಯ ಸತ್ತದ್ದು ಅವರಿಗೆ ಗೊತ್ತು. ಜೀಪು ತರುವವನು ನಾನು ಎಂದು ಅತ್ತಿಗೆ ಹಿಂದಿನ ದಿನವೇ ಫೋನು ಮಾಡಿ ಹೇಳಿದ್ದರು. ಎಲ್ಲ ಗೊತ್ತಿದ್ದೂ ಎದ್ದು, ಕಂಬ ಹಿಡಿದು ನಿಂತಿದ್ದರು. ಇಷ್ಟು ವರ್ಷ ನಾನು ಬಯಸಿದ್ದು ಇದೇ ಅಲ್ಲವೇ? ಅಂಗಳಕ್ಕೆ ತಂದು ನಿಲ್ಲಿಸಿ ಕೀಲಿ ತಿರುಗಿಸಲು ಕೈ ಹಾಕಿದೆ.

"ಬಂದ್ ಮಾಡ್ಬ್ಯಾಡ ಮಗ," ಎಂದರು ಮಾವ. "ಸ್ವಲ್ಪ ಹೊತ್ತ್ ಇರ್ಲಿ."

ನನ್ನ ಹೊಟ್ಟೆಯೂ ಉರಿಯಿತು, ಕಣ್ಣೂ ಉರಿಯಿತು. ಅವರು ನನ್ನ ಕಡೆಗೆ ಮುಖ ಮಾಡಿರಲಿಲ್ಲ, ಬಾನೆಟ್ಟಿನ ಕಡೆಗೆ ಮಾಡಿದ್ದರು. ನಾನು ಕೀಲಿಯಿಂದ ಕೈ ತೆಗೆದೆ. ಅವರು ಕೂರುವವರೆಗೂ ಎಂಜಿನ್ನು ಓಡುತ್ತಲೇ ಇತ್ತು.