ಹೊಳೆಯಾಚೆ ಹೋದ ಹನ್ನೊಂದು ಮನೆಗಳು

ಕೊಪ್ಪದಲ್ಲಿ ಒಂದು ಬಟ್ಟೆ ಅಂಗಡಿಯ ಮಹಡಿಯ ಮೇಲೆ ನಮ್ಮ ಆಫೀಸಿತ್ತು. ಆಫೀಸು ಎಂದರೆ ಎರಡು ಕೋಣೆ, ಎರಡು ಕಂಪ್ಯೂಟರು, ಒಂದು ಪ್ರಿಂಟರು. ನಿವೃತ್ತ ಡಾಕ್ಟರೊಬ್ಬರು ಒಂದು ಸಣ್ಣ ಟ್ರಸ್ಟ್ ಮಾಡಿಕೊಂಡು ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ಒಂಟಿಮನೆಗಳಿಗೆ ನರ್ಸುಗಳನ್ನು ಕಳಿಸುತ್ತಿದ್ದರು. ಬಿ.ಎಸ್ಸಿ. ಮುಗಿಸಿ ಒಂದು ಕಂಪ್ಯೂಟರ್ ಡಿಪ್ಲೊಮಾ ಮಾಡಿಕೊಂಡಿದ್ದ ನನಗೆ ಅಲ್ಲಿ ಸಿಕ್ಕಿದ್ದು ನಕ್ಷೆಯ ಕೆಲಸ. ಯಾವ ಮನೆ ಎಲ್ಲಿದೆ, ಅಲ್ಲಿ ಗರ್ಭಿಣಿ ಇದ್ದಾಳೋ, ಮಲಗಿದ ರೋಗಿ ಇದ್ದಾರೋ, ಇದೆಲ್ಲ ಪರದೆಯ ಮೇಲೆ ಕಾಣಬೇಕು ಎಂಬುದು ಡಾಕ್ಟರ ಆಸೆ. ಅದು ಎರಡು ಸಾವಿರದ ಆಚೆಗಿನ ಮೊದಲ ಕೆಲವು ವರ್ಷಗಳ ಮಾತು. ಫೋನಿನಲ್ಲಿ ದಾರಿ ನೋಡುವ ಕಾಲ ಇನ್ನೂ ಬಂದಿರಲಿಲ್ಲ.

ಇದಕ್ಕಾಗಿ ಡಾಕ್ಟರು ಒಂದು ಟೂಲ್‌ಕಿಟ್ ತರಿಸಿದ್ದರು. ಅದು ನಕ್ಷೆಯಲ್ಲ, ನಕ್ಷೆಯ ತಂತ್ರಾಂಶ ಕಟ್ಟಲು ಬೇಕಾದ ಬಿಡಿಭಾಗಗಳ ಗಂಟು. ಬಾಗಿಲು, ಕಿಟಕಿ, ಚಿಲಕ ಎಲ್ಲ ಕೊಟ್ಟಿದ್ದೇವೆ, ಮನೆ ನೀವೇ ಕಟ್ಟಿಕೊಳ್ಳಿ ಎನ್ನುವ ರೀತಿಯದು. ಬಿದ್ದು ಎದ್ದು ಒಂದು ವರ್ಷದಲ್ಲಿ ಏನೋ ಒಂದು ಕಟ್ಟಿದ್ದೆ. ನದಿ, ರಸ್ತೆಗಳನ್ನು ಹಳೆಯ ಸರ್ವೆ ನಕ್ಷೆಯ ಮೇಲಿಟ್ಟು ಗೆರೆ ಎಳೆದಿದ್ದೆ. ಮನೆಗಳ ಚುಕ್ಕೆಗಳು ನರ್ಸುಗಳು ಕೈಯಲ್ಲಿ ಹಿಡಿದು ತಿರುಗಿದ ಜಿಪಿಎಸ್ ಯಂತ್ರದಿಂದ ಬಂದಿದ್ದವು.

ಆಮೇಲೆ ಒಂದು ದಿನ ಕೊರಿಯರಿನಲ್ಲಿ ಆ ಟೂಲ್‌ಕಿಟ್‌ನ ಹೊಸ ಆವೃತ್ತಿಯ ಸಿ.ಡಿ. ಬಂತು. ಜೊತೆಗೆ ತೆಳ್ಳಗಿನ ಒಂದು ಇಂಗ್ಲಿಷ್ ಪುಸ್ತಿಕೆ, ಹೊಸದೇನು ಎಂದು ಹೇಳುವುದಕ್ಕೆ. ಚುಕ್ಕೆಯ ಮೇಲೆ ಒತ್ತಿದರೆ ವಿವರದ ಪೆಟ್ಟಿಗೆ ತೆರೆಯುತ್ತದಂತೆ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಹತ್ತಿರದ ದಾರಿಯನ್ನು ತಾನೇ ಎಳೆದು ತೋರಿಸುತ್ತದಂತೆ. ಬೇರೆ ಬೇರೆ ಅಳತೆಯ ನಕ್ಷೆಗಳನ್ನು ತಾನೇ ಹೊಂದಿಸಿಕೊಳ್ಳುತ್ತದಂತೆ. ಹಳೆಯ ಆಜ್ಞೆಗಳ ಒಂದು ಪಟ್ಟಿ ಕೊಟ್ಟು ಇವೆಲ್ಲ ‘ಡೆಪ್ರಿಕೇಟೆಡ್’ ಎಂದು ಬರೆದಿದ್ದರು. ನಿಘಂಟು ತೆಗೆದರೆ ಆ ಪದಕ್ಕೆ ‘ಖಂಡಿಸು, ಅಸಮ್ಮತಿ ಸೂಚಿಸು’ ಎಂದಿತ್ತು. ನಾನು ವರ್ಷವಿಡೀ ಬರೆದ ಸಾಲುಗಳಲ್ಲಿ ಅರ್ಧಕ್ಕರ್ಧ ಆ ಪಟ್ಟಿಯಲ್ಲಿದ್ದವು. ಯಾರು ಖಂಡಿಸಿದರು, ಯಾಕೆ ಖಂಡಿಸಿದರು ಎಂದು ತಿಳಿಯದೆ ಆ ಪುಟವನ್ನು ಎಷ್ಟೋ ಹೊತ್ತು ನೋಡುತ್ತ ಕುಳಿತಿದ್ದೆ. ಇವು ಹಳತಾದವು, ಇನ್ನು ಬಳಸಬೇಡಿ ಎಂಬುದಷ್ಟೇ ಅದರ ಅರ್ಥ ಎಂದು ಆಮೇಲೆ ತಿಳಿಯಿತು.

ಎರಡು ಕಂಪ್ಯೂಟರುಗಳ ಪೈಕಿ ಒಂದರಲ್ಲಿ ಮಾತ್ರ ಹೊಸದನ್ನು ಹಾಕಿದೆ. ಪೆಟ್ಟಿಗೆ ತೆರೆಯಿತು, ದಾರಿ ಎಳೆಯಿತು. ಡಾಕ್ಟರು ಪಕ್ಕದಲ್ಲಿ ನಿಂತು ಬಾಳೆಹೊನ್ನೂರಿಂದ ಬೇಗಾರಿಗೆ, ಬೇಗಾರಿಂದ ಕೊಪ್ಪಕ್ಕೆ ಎಂದು ಹೇಳಿ ಹೇಳಿ ದಾರಿ ಎಳೆಸಿದರು. ಪ್ರತಿ ನರ್ಸಿಗೂ ಅವರವರ ಮನೆಗಳ ದಾರಿಯಿರುವ ಹಾಳೆ ಪ್ರಿಂಟ್ ಮಾಡಿ ಕೊಡು ಎಂದರು. ಎಲ್ಲರಿಗೂ ಕೊಟ್ಟೆ.

ನೆಮ್ಮಾರ್ ಕಡೆಗೆ ಆಗಷ್ಟೇ ಹೊಸ ನರ್ಸ್ ಬಂದಿದ್ದರು. ಕಡೂರಿನ ಕಡೆಯವರು, ನನಗಿಂತ ಹತ್ತು ವರ್ಷಕ್ಕೆ ದೊಡ್ಡವರು. ಉಳಿದ ನರ್ಸುಗಳು ಇಲ್ಲಿಯವರೇ. ಹಾಳೆಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡು ತಮಗೆ ಗೊತ್ತಿದ್ದ ದಾರಿಯಲ್ಲೇ ಹೋದರು. ನನ್ನ ಹಾಳೆಯನ್ನು ನಂಬಿ ನಡೆದವರು ಈ ಸಿಸ್ಟರ್ ಒಬ್ಬರೇ.

ಒಂದು ವಾರ ಕಳೆದ ಮೇಲೆ ಅವರು ಆಫೀಸಿಗೆ ಬಂದರು. ಹಾಳೆ ಬೆವರಿಗೋ ಮಂಜಿಗೋ ಮೆತ್ತಗಾಗಿ ಮಡಿಕೆಗಳಲ್ಲಿ ಹರಿದಿತ್ತು. ಹನ್ನೊಂದು ಮನೆಗಳು ತುಂಗೆಯ ಆಚೆ ದಡದಲ್ಲಿವೆ ಎಂದು ಅದರಲ್ಲಿತ್ತು. ಅವರು ತೂಗುಸೇತುವೆ ದಾಟಿ ಎರಡು ದಿನ ಆಚೆ ದಡದ ಕಾಡಿನಲ್ಲಿ ಅಲೆದಿದ್ದರು. ಒಂದು ಮನೆಯೂ ಸಿಕ್ಕಿರಲಿಲ್ಲ. ಸಿಟ್ಟಿನಿಂದ ಬಂದಿದ್ದಾರೆ ಎಂದುಕೊಂಡೆ. ಅವರು ಕುರ್ಚಿಯ ತುದಿಯಲ್ಲಿ ಕುಳಿತು ಮೆಲ್ಲಗೆ ಕೇಳಿದರು:

“ನಂಗೆ ಮ್ಯಾಪ್ ನೋಡಕ್ಕೆ ಬರಲ್ಲ ಅನ್ಸುತ್ತೆ ಮೇಡಂ. ಹೆಂಗ್ ಹಿಡ್ಕಬೇಕು ಅಂತ ಒಂದ್ಸಲ ಹೇಳ್ಕೊಡಿ.”

ಈಗ ನೆನೆದರೂ ನಾಚಿಕೆಯಾಗುತ್ತದೆ. ನಾನು ಹೇಳಿಕೊಟ್ಟೆ. ಉತ್ತರ ಮೇಲೆ ಬರುವಂತೆ ಹಿಡಿಯಬೇಕು, ನೀವು ತಿರುಗಾಮುರುಗಾ ಹಿಡಿದಿರಬೇಕು ಎಂದೆ. ಈ ಕಾಡಿನಲ್ಲಿ ಉತ್ತರ ಯಾವ ಕಡೆ ಎಂದು ಗೊತ್ತಾಗುವುದಾದರೂ ಹೇಗೆ, ನಮ್ಮ ಕಡೆ ಬಯಲು, ಎತ್ತ ನೋಡಿದರೂ ಆಕಾಶ ಕಾಣುತ್ತದೆ ಎಂದು ಅವರು ತಮ್ಮನ್ನೇ ಬೈದುಕೊಂಡರು. ಒಳಕೋಣೆಯಿಂದ ಇದನ್ನು ಕೇಳುತ್ತಿದ್ದ ಡಾಕ್ಟರು ಹೊರಗೆ ಬಂದು, ನಾಳೆ ನೀನೇ ಅವರ ಜೊತೆ ಹೋಗಿ ಬಾ ಎಂದರು.

ಮಾರನೆಯ ಬೆಳಿಗ್ಗೆ ಬಸ್ಸಿನಲ್ಲಿ ಶೃಂಗೇರಿಗೆ, ಅಲ್ಲಿಂದ ನೆಮ್ಮಾರಿಗೆ ಹೋದೆವು. ಪಟ್ಟಿಯಲ್ಲಿ ಮೊದಲಿದ್ದುದು ಎಂಟು ತಿಂಗಳ ಗರ್ಭಿಣಿಯೊಬ್ಬಳ ಮನೆ. ನಾನು ತೂಗುಸೇತುವೆಯ ಕಡೆ ಹೆಜ್ಜೆ ಹಾಕಿದಾಗ, ಸಿಸ್ಟರ್ ಒಂದು ಸಲ ಕೇಳಿ ನೋಡೋಣವೇ ಎಂದು ರಸ್ತೆ ಬದಿ ಸೊಪ್ಪಿನ ಹೊರೆ ಇಳಿಸಿ ನಿಂತಿದ್ದ ಹೆಂಗಸನ್ನು ವಿಚಾರಿಸಿದರು. ಅವಳು ಹೊರೆಯನ್ನು ಮತ್ತೆ ತಲೆಗೇರಿಸಿಕೊಂಡು ಬನ್ನಿ ಎಂದಳು. ಅವಳೇ ಆ ಗರ್ಭಿಣಿಯ ಅತ್ತೆ. ಮನೆ ಇದ್ದದ್ದು ಈಚೆ ದಡದಲ್ಲಿ, ರಸ್ತೆಯಿಂದ ಕೂಗಿದರೆ ಕೇಳುವಷ್ಟು ಹತ್ತಿರ.

ಹಾಳೆಯನ್ನು ಜಗಲಿಯ ಮೇಲೆ ಬಿಡಿಸಿ ತೋರಿಸಿದೆ. ನೀವು ಮುಂಚೆ ಆಚೆ ಇದ್ದಿರಾ, ಈಚೆಗೆ ಬಂದು ಮನೆ ಕಟ್ಟಿದ್ದೀರಾ ಎಂದು ಕೇಳಿದೆ. ಅಷ್ಟರ ಮಟ್ಟಿಗೆ ನನ್ನ ತಲೆ ಕೆಟ್ಟಿತ್ತು.

“ಎಂತ ಮಾರಾಯ್ತಿ,” ಎಂದಳು ಅತ್ತೆ, “ನಾನು ಮದುವೆಯಾಗಿ ಬಂದಾಗಿಂದ ಮನೆ ಇಲ್ಲೇ ಇದೆ. ಹೊಳೆಯೂ ಅಲ್ಲೇ ಇದೆ.”

ಸಿಸ್ಟರ್ ಅಷ್ಟರಲ್ಲಿ ಒಳಗೆ ಹೋಗಿ ಸೊಸೆಯನ್ನು ನೋಡಿದ್ದರು. ಪಾದಗಳು ಊದಿಕೊಂಡಿದ್ದವು, ರಕ್ತದೊತ್ತಡ ಏರಿತ್ತು. ಕಾಯುವುದು ಬೇಡ, ಇವತ್ತೇ ಶೃಂಗೇರಿಗೆ ಕರೆದುಕೊಂಡು ಹೋಗೋಣ ಎಂದು ಅವರು ಗಟ್ಟಿಯಾಗಿ ಹೇಳಿದರು. ಆಫೀಸಿನಲ್ಲಿ ಕುರ್ಚಿಯ ತುದಿಯಲ್ಲಿ ಕುಳಿತಿದ್ದ ಹೆಂಗಸು ಇವರೇನಾ ಅನ್ನಿಸಿತು. ಮಧ್ಯಾಹ್ನದೊಳಗೆ ಜೀಪೊಂದನ್ನು ಹಿಡಿದು ಆಸ್ಪತ್ರೆ ಸೇರಿಸಿದೆವು. ದಾರಿಯುದ್ದಕ್ಕೂ ಸೊಸೆ ಕಣ್ಣು ಮುಚ್ಚಿಕೊಂಡಿದ್ದಳು. ನಾನು ಒಂದೇ ಲೆಕ್ಕ ಹಾಕುತ್ತಿದ್ದೆ: ಸಿಸ್ಟರ್ ಒಂದು ವಾರ ಮೊದಲೇ ಈ ಮನೆಗೆ ಬರಬೇಕಿತ್ತು.

ಆಫೀಸಿಗೆ ಬಂದು ಎರಡೂ ಕಂಪ್ಯೂಟರುಗಳಲ್ಲಿ ಒಂದೇ ಫೈಲನ್ನು ತೆರೆದೆ. ಹಳೆಯ ಆವೃತ್ತಿಯಿದ್ದ ಕಂಪ್ಯೂಟರಿನಲ್ಲಿ ಹನ್ನೊಂದೂ ಮನೆಗಳು ಈಚೆ ದಡದಲ್ಲಿದ್ದವು. ಹೊಸದರಲ್ಲಿ ಆಚೆ. ಫೈಲು ಒಂದೇ, ಹೊಳೆ ಒಂದೇ. ಡಾಕ್ಟರು ಎರಡೂ ಪರದೆಗಳ ನಡುವೆ ನಿಂತು, ಹಾಗಾದರೆ ಯಾವುದು ಸರಿ ಎಂದು ಕೇಳಿದರು. ಗೊತ್ತಿಲ್ಲ ಸಾರ್ ಎಂದೆ. ಕಣ್ಣಾರೆ ನೋಡಿ ಬಂದಿದ್ದರೂ ಹಾಗೆಂದೆ. ಹೊಸದು ತಪ್ಪು ಮಾಡುತ್ತದೆ ಎಂದು ಒಪ್ಪಿಕೊಳ್ಳಲು ಮನಸ್ಸಿಗೆ ಆಗುತ್ತಿರಲಿಲ್ಲ.

ಆಮೇಲಿನ ದಿನಗಳಲ್ಲಿ ಆ ಪುಸ್ತಿಕೆಯನ್ನು ಎಷ್ಟು ಸಲ ಓದಿದೆನೋ. ‘ತಾನೇ ಹೊಂದಿಸಿಕೊಳ್ಳುತ್ತದೆ’ ಎಂಬ ಸಾಲಿನ ಹತ್ತಿರ ಬಂದು ಬಂದು ನಿಲ್ಲುತ್ತಿದ್ದೆ. ಯಾವುದನ್ನು ಯಾವುದಕ್ಕೆ ಹೊಂದಿಸಿಕೊಳ್ಳುತ್ತದೆ? ಕೊನೆಗೆ ಸೈಬರ್ ಸೆಂಟರಿಗೆ ಹೋಗಿ, ಈ ಟೂಲ್‌ಕಿಟ್ ಬಳಸುವವರು ಪ್ರಶ್ನೆ ಹಾಕುವ ಕಡೆ ನನ್ನ ಪಾಡನ್ನು ಬರೆದೆ. ನಾಲ್ಕು ದಿನದ ಮೇಲೆ ಯಾರೋ ಅಪರಿಚಿತರು ಉತ್ತರಿಸಿದ್ದರು. ಹಳೆಯ ಸರ್ವೆಯವರು ಭೂಮಿಯನ್ನು ಅಳೆದ ಲೆಕ್ಕ ಒಂದು, ಜಿಪಿಎಸ್ ಬಳಸುವ ಉಪಗ್ರಹದ ಲೆಕ್ಕ ಇನ್ನೊಂದು, ಎರಡರ ನಡುವೆ ನಿಮ್ಮ ಕಡೆ ನೂರಾರು ಅಡಿಗಳ ಅಂತರ ಬರುತ್ತದೆ, ಹೊಸ ಆವೃತ್ತಿ ಅದನ್ನು ಸರಿಪಡಿಸುತ್ತದೆ ಎಂದು ವಿವರಿಸಿ, ಕೊನೆಯಲ್ಲಿ ಒಂದು ಪ್ರಶ್ನೆ ಕೇಳಿದ್ದರು: ಈ ಚುಕ್ಕೆಗಳನ್ನು ಹಿಂದೆ ಯಾರಾದರೂ ಕೈಯಿಂದ ಸರಿಸಿದ್ದುಂಟೇ?

ಸರಿಸಿದ್ದೆ. ನಾನೇ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಮ್ಮ ಆಫೀಸಿನ ಚುಕ್ಕೆ ರಸ್ತೆ ಬಿಟ್ಟು ದೂರ ಬಿದ್ದಿತ್ತು. ಜಿಪಿಎಸ್ ಯಂತ್ರ ಸರಿಯಿಲ್ಲ ಎಂದುಕೊಂಡು ಎಲ್ಲ ಚುಕ್ಕೆಗಳನ್ನೂ ಒಟ್ಟಿಗೆ ಹಿಡಿದು ಮೌಸಿನಿಂದ ತುಸು ಎಳೆದಿದ್ದೆ. ಆಫೀಸು ರಸ್ತೆಗೆ ಬಂದು ಕೂತಿತು, ಶೃಂಗೇರಿ ಬಸ್ ಸ್ಟ್ಯಾಂಡೂ ಸರಿಯಾಯಿತು. ಜಾಣತನ ಮಾಡಿದೆ ಎಂದುಕೊಂಡು ಮರೆತುಬಿಟ್ಟಿದ್ದೆ. ಹಳೆಯ ಆವೃತ್ತಿಯಲ್ಲಿ ಹೊಳೆ, ಮನೆ ಎರಡೂ ಒಂದೇ ಅಳತೆಗೆ ತಪ್ಪು ಜಾಗದಲ್ಲಿದ್ದುದರಿಂದ ಎಲ್ಲ ಸರಿಯಾಗಿಯೇ ಕಂಡಿತ್ತು. ಈಗ ಹೊಸ ಆವೃತ್ತಿ ಹೊಳೆಯನ್ನು ಅದರ ನಿಜವಾದ ಜಾಗಕ್ಕೆ ಸರಿಸಿತ್ತು. ಮನೆಗಳು ಮಾತ್ರ ನಾನು ಎಳೆದಿಟ್ಟಲ್ಲೇ ಉಳಿದಿದ್ದವು. ಕಾಡಿನ ನಡುವಿನ ಮನೆಗಳಲ್ಲಿ ಇದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಹೊಳೆ ಪಕ್ಕದ ಮನೆಗಳಲ್ಲಿ ದಡವೇ ಬದಲಾಗಿತ್ತು.

ಡಾಕ್ಟರಿಗೆ ಹೇಳಿದೆ. ಅವರು ಬೈಯಲಿಲ್ಲ. ಆ ಸಿಸ್ಟರ್‌ಗೆ ಹೇಳಿದೆಯಾ ಎಂದು ಮಾತ್ರ ಕೇಳಿದರು.

ಅದು ಎಲ್ಲಕ್ಕಿಂತ ಕಷ್ಟದ ಕೆಲಸವಾಗಿತ್ತು. ಚುಕ್ಕೆಗಳನ್ನು ಜಿಪಿಎಸ್ ಕೊಟ್ಟ ಜಾಗಕ್ಕೇ ವಾಪಸ್ ಇಟ್ಟು, ಹೊಸ ಹಾಳೆ ಪ್ರಿಂಟ್ ಮಾಡಿಕೊಂಡು ಶೃಂಗೇರಿಯಲ್ಲಿ ಅವರಿದ್ದ ಬಾಡಿಗೆ ಕೋಣೆಗೆ ಹೋದೆ. ನೀವು ಹಾಳೆಯನ್ನು ಸರಿಯಾಗಿಯೇ ಹಿಡಿದಿದ್ದಿರಿ, ತಪ್ಪಾಗಿದ್ದದ್ದು ನನ್ನ ನಕ್ಷೆ, ಅದು ಗೊತ್ತಿಲ್ಲದೆ ನಿಮಗೆ ಪಾಠ ಹೇಳಿದೆ ಎಂದೆ.

“ಎರಡು ದಿನ ಆ ಕಾಡಲ್ಲಿ ಅತ್ತಿದೀನಿ ಮೇಡಂ,” ಎಂದರು. “ಈ ಕೆಲಸ ನನ್ನ ಕೈಲಾಗಲ್ಲ, ಊರಿಗೆ ಹೋಗ್ಬಿಡಾಣ ಅಂತಿದ್ದೆ.”

ಅಷ್ಟು ಹೇಳಿ ಎದ್ದು ಟೀಗೆ ನೀರಿಟ್ಟರು. ಕುಡಿಯುತ್ತ, ಆಸ್ಪತ್ರೆಯಲ್ಲಿದ್ದವಳಿಗೆ ಹಿಂದಿನ ದಿನವಷ್ಟೇ ಹೆಣ್ಣುಮಗು ಹುಟ್ಟಿದೆ, ತೂಕ ಕಡಿಮೆ, ಆದರೆ ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ ಎಂದರು. ಆಮೇಲೆ ಹರಿದ ಹಳೆಯ ಹಾಳೆಯನ್ನು ತಂದು ತೋರಿಸಿದರು. ಅದರ ಹಿಂಬದಿಯಲ್ಲಿ ಕೇಳಿ ಕೇಳಿ ತಿಳಿದುಕೊಂಡ ದಾರಿಗಳನ್ನು ಬಾಲ್ ಪೆನ್ನಿನಲ್ಲಿ ಬರೆದಿಟ್ಟಿದ್ದರು: ಯಾವ ಗೇಟಿನ ಹತ್ತಿರ ಇಳಿಯಬೇಕು, ಎಲ್ಲಿ ನಾಯಿ ಇದೆ, ಯಾವ ಮನೆಯಲ್ಲಿ ಹಗಲು ಯಾರೂ ಇರುವುದಿಲ್ಲ. ಅವರ ಅಪ್ಪಣೆ ಕೇಳಿ ಅದನ್ನು ತಂದು, ಚುಕ್ಕೆ ಒತ್ತಿದರೆ ತೆರೆಯುವ ಪೆಟ್ಟಿಗೆಗಳಲ್ಲಿ ಒಂದೊಂದಾಗಿ ಟೈಪ್ ಮಾಡಿದೆ. ಬಾಕಿ ನರ್ಸುಗಳೂ ತಮ್ಮದನ್ನು ಹೇಳತೊಡಗಿದರು.

ಎಲ್ಲ ಸರಿಹೋಯಿತು ಎನ್ನುವಷ್ಟರಲ್ಲಿ ನರಸಿಂಹರಾಜಪುರದ ಕಡೆ ಮೂರು ಮನೆಗಳು ಭದ್ರಾ ಹಿನ್ನೀರಿನ ನಟ್ಟನಡುವೆ ಕಂಡವು. ಮತ್ತೆ ಪುಸ್ತಿಕೆ ತೆಗೆದೆ, ಮತ್ತೆ ಎರಡು ಪರದೆಗಳನ್ನು ಹೋಲಿಸಿದೆ. ಆ ಕಡೆಯ ನರ್ಸನ್ನು ಕೇಳಿದರೆ, ಮನೆಗಳು ನೆಲದ ಮೇಲೇ ಇವೆ, ನೀರು ವರ್ಷಕ್ಕೊಂದು ಕಡೆ ನಿಲ್ಲುತ್ತದೆ, ನಿಮ್ಮ ಗೆರೆ ಯಾವ ವರ್ಷದ್ದೋ ಎಂದರು. ಅದು ಯಾವ ವರ್ಷದ್ದು ಎಂದು ನನಗೂ ಗೊತ್ತಿರಲಿಲ್ಲ. ಈ ಸಲ ಚುಕ್ಕೆಗಳನ್ನು ಮುಟ್ಟಲು ಹೋಗಲಿಲ್ಲ. ಪೆಟ್ಟಿಗೆಯಲ್ಲಿ ‘ಮನೆ ನೀರಿನಲ್ಲಿಲ್ಲ, ದಾರಿ ಕೇಳಿಕೊಂಡು ಹೋಗುವುದು’ ಎಂದು ಬರೆದು ಬಿಟ್ಟೆ.