ತಿಕೀಟು ತೆಗೆದ ಮೇಲೆ ಹೋಗಲೇಬೇಕು

ಹಡಪಸರದಿಂದ ಆಚೆಗೆ, ಕಬ್ಬಿನ ಗದ್ದೆಗಳ ಅಂಚಿನಲ್ಲಿ ನಮ್ಮ ಸ್ಟೇಷನ್ ಇತ್ತು. ಅದನ್ನು ಸ್ಟೇಷನ್ ಎಂದರೆ ಪುಣೆಯ ದೊಡ್ಡ ಸ್ಟೇಷನ್ನಿಗೆ ಸಿಟ್ಟು ಬಂದೀತು. ಒಂದು ಹಂಚಿನ ಕಟ್ಟಡ, ಒಂದು ಟಿಕೆಟ್ ಕಿಟಕಿ, ಬೇವಿನ ಮರದ ಕೆಳಗೆ ಒಂದು ಕಲ್ಲುಬೆಂಚು, ಬಂದರೆ ನೀರು ಬರುವ ಒಂದು ನಳ. ಉಗಿಬಂಡಿಗಳ ಕಾಲದಲ್ಲಿ ಎಂಜಿನ್ನುಗಳು ಇಲ್ಲಿ ನಿಂತು ನೀರು ತುಂಬಿಸಿಕೊಳ್ಳುತ್ತಿದ್ದವಂತೆ. ಎಂಜಿನ್ನಿಗೆ ಬಾಯಾರಿದ್ದರಿಂದಲೇ ನಮಗೆ ಸ್ಟೇಷನ್ ಸಿಕ್ಕಿತು ಎಂದು ಹಿರಿಯರು ನಗುತ್ತಿದ್ದರು. ಡೀಸೆಲ್ ಬಂದ ಮೇಲೆ ಆ ನೀರಿನ ಕಂಬ ಕಾಗೆಗಳ ಪಾಲಾಯಿತು. ಆದರೂ ಪ್ಯಾಸೆಂಜರ್ ಗಾಡಿಗಳು ಹಳೆಯ ರೂಢಿಯಂತೆ ಒಂದು ಗಳಿಗೆ ನಿಂತು ಹೋಗುತ್ತಿದ್ದವು.

ತೊಂಬತ್ತರ ದಶಕದಲ್ಲಿ ನನ್ನ ನೌಕರಿ ನಿಂತದ್ದು ಆ ಒಂದು ಗಳಿಗೆಯ ಮೇಲೆ. ಮದುವೆಯಾಗಿ ವಿಜಾಪುರದ ಕಡೆಯಿಂದ ಬಂದು, ಪುಣೆಯ ಕ್ಯಾಂಪ್ ಭಾಗದ ಒಂದು ಆಫೀಸಿನಲ್ಲಿ ಕ್ಲಾರ್ಕ್ ಆಗಿದ್ದೆ. ಬಸ್ಸಿನಲ್ಲಿ ಹೋದರೆ ಎರಡು ಕಡೆ ಬದಲಿಸಬೇಕು, ಆಫೀಸು ಮುಟ್ಟುವಷ್ಟರಲ್ಲಿ ಸಾಹೇಬರ ಮುಖ ಗಂಟಾಗಿರುತ್ತಿತ್ತು. ಅದೇ ಕಡೆಯವರಾದ, ಮರಾಠಿ ಅಷ್ಟಾಗಿ ಬಾರದ ನಮ್ಮ ಅತ್ತೆಗಂತೂ ನಾನು ನೌಕರಿ ಮಾಡುವುದೇ ಬೇಕಿರಲಿಲ್ಲ. ಎರಡು ವರ್ಷದ ನನ್ನ ಮಗಳನ್ನು ಸೊಂಟದ ಮೇಲೆ ಹೊತ್ತುಕೊಂಡು ಬಾಗಿಲಲ್ಲಿ ನಿಂತು ದಿನಾ ಬೆಳಗ್ಗೆ ಅದನ್ನೇ ಕೇಳುತ್ತಿದ್ದರು.

"ಇಬ್ಬರೂ ದುಡದು ಯಾರನ್ನ ಉದ್ಧಾರ ಮಾಡಬೇಕಾಗ್ಯದ?"

"ಗಾಡಿ ಬಂತ್ರಿ ಅತ್ತಿ," ಎಂದು ಓಡುವುದೇ ನನ್ನ ಉತ್ತರ.

ಒಂದು ದಿನ ಸ್ಟೇಷನ್ ಮಾಸ್ತರರು ನಮ್ಮನ್ನೆಲ್ಲ ಕರೆದು ಕೆಟ್ಟ ಸುದ್ದಿ ಹೇಳಿದರು. ನಮ್ಮ ಕಿಟಕಿಯಲ್ಲಿ ಟಿಕೆಟ್ ಮಾರಾಟ ತೀರ ಕಡಿಮೆ. ಹೀಗೇ ಆದರೆ ಹೊಸ ವೇಳಾಪಟ್ಟಿಯಲ್ಲಿ ಇಲ್ಲಿ ಗಾಡಿ ನಿಲ್ಲುವುದು ಅನುಮಾನ. ದಿನಾ ಹತ್ತುವವರು ಬೋಗಿ ತುಂಬ ಇದ್ದೆವು, ಆದರೆ ಎಲ್ಲರೂ ತಿಂಗಳ ಪಾಸು ತೆಗೆಸುತ್ತಿದ್ದದ್ದು ದೊಡ್ಡ ಸ್ಟೇಷನ್ನಿನಲ್ಲಿ! ಲೆಕ್ಕದ ಪ್ರಕಾರ ನಮ್ಮ ಊರಿನಿಂದ ಯಾರೂ ಎಲ್ಲಿಗೂ ಹೋಗುತ್ತಲೇ ಇರಲಿಲ್ಲ. ಗಾಡಿ ಹೋದರೆ ನನ್ನ ನೌಕರಿ ಹೋದಂತೆಯೇ.

ಮಹಿಳೆಯರ ಬೋಗಿಯಲ್ಲಿ ಮೆಂತ್ಯೆ ಸೊಪ್ಪು ಬಿಡಿಸುತ್ತಲೇ ತೀರ್ಮಾನವಾಯಿತು. ಇನ್ನು ಪಾಸೆಲ್ಲ ನಮ್ಮ ಕಿಟಕಿಯಲ್ಲೇ. ಜೊತೆಗೆ ಮನೆಗೊಬ್ಬರಂತೆ ದಿನಾ ಒಂದು ಟಿಕೆಟ್ ತೆಗೆಯಬೇಕು, ಪ್ರಯಾಣ ಮಾಡಲಿ ಬಿಡಲಿ. ನಮ್ಮ ಮನೆಯ ಪಾಳಿ ನನ್ನ ಗಂಡನದು. ಅವರು ಫ್ಯಾಕ್ಟರಿಗೆ ಹೋಗುವ ಮುಂಚೆ ಪುಣೆಗೊಂದು ಟಿಕೆಟ್ ತಂದು ಗೋಡೆಯ ಗೂಡಿನಲ್ಲಿಟ್ಟು ಹೋಗುತ್ತಿದ್ದರು.

ಅತ್ತೆ ಎರಡು ದಿನ ಆ ಟಿಕೆಟ್ಟುಗಳನ್ನು ಎಣಿಸಿ ಇಟ್ಟರು. ಹಾಲಿನ ಪಾತ್ರೆ ತೊಳೆದ ನೀರನ್ನೂ ಗಿಡಕ್ಕೆ ಹಾಕುವ ಹೆಂಗಸು, ಎಷ್ಟು ದಿನ ಸಹಿಸಿಯಾರು? ಮೂರನೆಯ ದಿನ ಸಿಡಿದರು.

"ತಿಕೀಟು ತಗೊಂಡು ಮನ್ಯಾಗ ಇಡಲಿಕ್ಕೆ ಅದೇನು ದೇವರ ಫೋಟೋ ಏನ? ತಗೊಂಡ ಮ್ಯಾಲ ಹೋಗ್ಲೇಬೇಕು!"

ಹೇಳಿದ್ದಷ್ಟೇ ಅಲ್ಲ, ಹೋದರು. ಮೊಮ್ಮಗಳನ್ನು ಎತ್ತಿಕೊಂಡು, ರೊಟ್ಟಿಯ ಗಂಟು ಹಿಡಿದು, ಪುಣೆಗೆ ಹೋಗುವ ಹತ್ತು ಗಂಟೆಯ ಖಾಲಿ ಗಾಡಿ ಹತ್ತಿದರು. ಬರುವ ಟಿಕೆಟ್ಟನ್ನು ಸೆರಗಿನ ದುಡ್ಡಿನಲ್ಲಿ ತಾವೇ ತೆಗೆದರು. ಸಂಜೆ ನಾನು ಮನೆಗೆ ಬಂದರೆ ಅತ್ತೆಯ ಮುಖದಲ್ಲಿ ಹಬ್ಬ.

"ಅಲ್ಲಿ ನಮ್ಮ ಕಡೀ ಗಾಡಿ ಬರ್ತದಲ್ಲ, ಇಳದವರೆಲ್ಲಾ ಕನ್ನಡಾನೇ ಮಾತಾಡ್ತಾರ! ಇಂಡಿ ಕಡೆ ಮಳಿ ಭಾಳ ಛಲೋ ಆಗ್ಯದಂತ."

ಆಮೇಲೆ ಅವರನ್ನು ಹಿಡಿಯುವವರಿಲ್ಲ. ಪುಣೆಯಲ್ಲಿ ವಿಜಾಪುರದ ಕಡೆಯ ಗಾಡಿ ಬರುವ ಪ್ಲಾಟ್‌ಫಾರ್ಮಿನಲ್ಲಿ ಕುಳಿತು, ಇಳಿದವರಿಗೆ ಆಸ್ಪತ್ರೆಯ ದಾರಿ, ಬಸ್ಸಿನ ನಂಬರು ಹೇಳುವುದು. ಬದಲಿಗೆ ಮಳೆ, ಮದುವೆ, ಬಾಣಂತನದ ಸುದ್ದಿ ಹೊತ್ತು ತರುವುದು. ದೊಡ್ಡ ಸ್ಟೇಷನ್ನಿನ ವಿಚಾರಣೆ ಕೌಂಟರಿಗಿಂತ ಅತ್ತೆಯ ಮುಂದೆಯೇ ಗದ್ದಲ ಹೆಚ್ಚು ಎಂದು ನನ್ನ ಗಂಡ ರೇಗಿಸುತ್ತಿದ್ದರು. ಅತ್ತೆಯ ಹುರುಪು ನೋಡಿ ಓಣಿಯ ಉಳಿದ ಮುದುಕಿಯರೂ ಗೂಡಿನ ಟಿಕೆಟ್ಟುಗಳನ್ನು ತೆಗೆದು ಹೊರಟರು.

ಕೆಲವು ವಾರ ಕಳೆದು ಒಬ್ಬ ರೈಲ್ವೆ ಅಧಿಕಾರಿ ನಮ್ಮ ಸ್ಟೇಷನ್ ನೋಡಲು ಬಂದರು. ಮಾಸ್ತರರು ಇಸ್ತ್ರಿ ಮಾಡಿದ ಅಂಗಿಯಲ್ಲಿ ಬೆವರುತ್ತಿದ್ದರು. ನಾನು ಆಫೀಸಿಗೆ ರಜೆ ಹಾಕಿ ಒಂದು ದೊಡ್ಡ ಭಾಷಣ ತಯಾರು ಮಾಡಿಕೊಂಡಿದ್ದೆ. ಬಾಯಿ ತೆಗೆಯುವ ಮುಂಚೆಯೇ ಅತ್ತೆ ನನ್ನನ್ನು ಬದಿಗೆ ಸರಿಸಿದರು.

"ಸಾಹೇಬ, ಗಾಡಿ ಥಾಂಬಲೀಚ ಪಾಹಿಜೆ!"

ಗಾಡಿ ನಿಲ್ಲಲೇಬೇಕು ಎಂಬಲ್ಲಿಗೆ ಅವರ ಮರಾಠಿ ಮುಗಿಯಿತು. ಮುಂದಿನದೆಲ್ಲ ವಿಜಾಪುರದ ಕನ್ನಡ, ಅದೂ ಏರುದನಿಯಲ್ಲಿ. ಅಧಿಕಾರಿ ಗಾಬರಿಯಾಗಿ ನನ್ನತ್ತ ನೋಡಿದರು. ನಾನು ಒಂದೊಂದೇ ಮಾತನ್ನು ಮರಾಠಿಗೆ ತಿರುಗಿಸುತ್ತ ಹೋದೆ. "ಮನೆಯಲ್ಲಿ ಗೋಡೆಯ ಜೊತೆ ಮಾತಾಡಬೇಕಾಗುತ್ತದೆ ಎನ್ನುತ್ತಿದ್ದಾರೆ. ಸೊಸೆ ಸಂಜೆ ಬರುವತನಕ ಕೂಸನ್ನು ಬಿಟ್ಟರೆ ಒಂದು ಮಾತು ಕೇಳುವವರಿಲ್ಲವಂತೆ." ಹೇಳುತ್ತ ಹೇಳುತ್ತ ನನ್ನ ದನಿಯೇ ಸಣ್ಣದಾಯಿತು. ಅಧಿಕಾರಿ ಅತ್ತೆಗೆ ಕೈ ಮುಗಿದು, ನೋಡುತ್ತೇವೆ ಅಜ್ಜಿ ಎಂದು ಹೋದರು.

ಹೊಸ ವೇಳಾಪಟ್ಟಿ ಬಂದಾಗ ನಮ್ಮ ಸ್ಟೇಷನ್ನಿನ ಗಾಡಿಗಳೆಲ್ಲ ಇದ್ದಂತೆಯೇ ಇದ್ದವು. ಮಾಸ್ತರರು ಪೇಢೆ ಹಂಚಿದರು. ನಾನು ಕುಣಿಯುತ್ತ ಮನೆಗೆ ಬಂದು, ನೌಕರಿ ಉಳಿಯಿತು ಅತ್ತಿ ಎಂದೆ. ಎಂದವಳೇ ನಾಲಿಗೆ ಕಚ್ಚಿಕೊಂಡೆ, ಅವರಿಗೆ ಬೇಡದ ನೌಕರಿಯಲ್ಲವೇ.

ಅತ್ತೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ಉಳೀತಲ್ಲ, ಇನ್ನ ಬಿಡಬ್ಯಾಡ," ಎಂದರು. "ನಾಕು ಗ್ವಾಡಿ ನಡುವ ಒಬ್ಬಾಕಿನೇ ಕೂಡೋದು ಹ್ಯಾಂಗಿರತದ ಅಂತ ನನಗ ಗೊತ್ತದ. ಅದು ನಿನಗ ಬ್ಯಾಡ, ತಂಗಿ."