ಮಲ್ಲಣ್ಣನ ವೈಫೈ ವ್ರತ

ನಿನ್ನೆ ಸಂಜೆ ಚಹಾ ಹಿಡಿದು ಟಿವಿ ಮುಂದೆ ಕೂತಿದ್ದೆ ನೋಡಿ, ಪರದೆ ಕಪ್ಪಾಗಿ, ‘ಫರ್ಮ್‌ವೇರ್ ಅಪ್‌ಡೇಟ್ ಆಗುತ್ತಿದೆ, ಆಫ್ ಮಾಡಬೇಡಿ’ ಎಂದು ಅಪ್ಪಣೆಯಾಯಿತು. ಮನೆಯಲ್ಲಿ ಎಲ್ಲರ ಅಪ್ಪಣೆ ಪಾಲಿಸಿ ರೂಢಿಯಾದ ನಾನು ತೆಪ್ಪಗೆ ಕೂತೆ. ಆಗ ಮಲ್ಲಣ್ಣ ನೆನಪಾದ.

ಮಲ್ಲಣ್ಣ ನನ್ನ ದೊಡ್ಡವ್ವನ ಮಗ, ಉಣಕಲ್ಲಿನವನು. ಹದಿನೈದಿಪ್ಪತ್ತು ವರ್ಷದ ಹಿಂದೆ ಅವನಿಗೆ ಸ್ವತಂತ್ರ ತಂತ್ರಾಂಶದ, ಅಂದರೆ ಯಾರು ಬೇಕಾದರೂ ಒಳಗೆ ನೋಡಿ ತಿದ್ದಬಹುದಾದ ತಂತ್ರಾಂಶದ, ಹುಚ್ಚು ಹಿಡಿದಿತ್ತು. ಅವನ ಲ್ಯಾಪ್‌ಟಾಪಿನ ವೈಫೈ ನಡೆಯಬೇಕಾದರೆ ಕಂಪನಿಯವರ ಫರ್ಮ್‌ವೇರ್, ಅಂದರೆ ಅದನ್ನು ಒಳಗಿಂದ ನಡೆಸುವ ತಂತ್ರಾಂಶ, ಹಾಕಬೇಕು. ಅದರೊಳಗೆ ಏನು ಬರೆದಿದೆಯೆಂದು ಅವರು ತೋರಿಸುವುದಿಲ್ಲ, ತಿದ್ದಲೂ ಬಿಡುವುದಿಲ್ಲ.

“ಒಳಗೇನೈತಿ ಅಂತ ತೋರಸಲಾರದ್ದನ್ನ ನಾ ಹಾಕ್ಕೊಳ್ಳಂಗಿಲ್ಲ. ಲ್ಯಾಪ್‌ಟಾಪ್ ನಂದು, ಮಾತೂ ನಂದ ನಡೀಬೇಕು” ಎಂದ.

“ಅಂಗಡ್ಯಾಗ ಮಿರ್ಚಿ ಭಜಿ ತಿಂತಿಯಲ್ಲ, ಹಿಟ್ಟಿನ್ಯಾಗ ಏನೈತಿ ನೋಡೀಯೇನು?” ಎಂದಳು ದೊಡ್ಡವ್ವ. ಅಂದಿನಿಂದ ಮಿರ್ಚಿ ಬಿಟ್ಟ. ನನಗೆ ಕೊಡಿಸುವುದನ್ನೂ ಬಿಟ್ಟ, ನನ್ನ ಸಂಕಟ ಅದು.

ವೈಫೈ ಇಲ್ಲವಲ್ಲ, ಅಂಗಳದ ಆಚೆಯ ಕೋಣೆಯಿಂದ ಪಡಸಾಲೆಗೆ ಬಟ್ಟೆ ಒಣಹಾಕುವ ಹಗ್ಗದಂತೆ ಉದ್ದಕ್ಕೆ ಇಂಟರ್ನೆಟ್ ಕೇಬಲ್ ಎಳೆದ. ಬೇಸಿಗೆ ಬಂದದ್ದೇ ದೊಡ್ಡವ್ವ ಅದರ ಮೇಲೆ ಶಾವಿಗೆ ಒಣಹಾಕಿದಳು. ಇಂಟರ್ನೆಟ್ ನಿಧಾನವಾದರೆ, “ಶಾವಿಗಿ ಇನ್ನಾ ಹಸಿ ಅದಾವಪಾ” ಎಂದು ಸಮಾಧಾನ ಹೇಳುತ್ತಿದ್ದಳು.

ಅಷ್ಟರಲ್ಲಿ ಮುಗದ ಎಂಬ ಊರಿನಿಂದ ಹೆಣ್ಣಿನ ಕಡೆಯವರು ಮನೆ ನೋಡಲು ಬರುವುದಾಯಿತು. ಹುಡುಗಿ ಶೈಲಾ ಮಲ್ಲಣ್ಣನಿಗೆ ಬಹಳ ಹಿಡಿಸಿದ್ದಳು; ಅವಳೂ ಜೊತೆಗೆ ಬರುವವಳಿದ್ದಳು.

“ಇದೊಂದ ದಿನಾ ಆ ಫರ್ಮ್‌ವೇರ್ ಹಾಕ್ಕೊಂಡು ವಾಯರ್ ತಗಿಯೋ. ಈ ಸಂಬಂಧ ತಪ್ಪಿದ್ರ ನಿನಗ ಯಾರು ಹೆಣ್ಣು ಕೊಡ್ತಾರ?” ದೊಡ್ಡವ್ವ ಕಣ್ಣೀರು ಹಾಕಿದಳು. ಮಲ್ಲಣ್ಣನ ಮುಖ ಬಾಡಿತು, ಆದರೆ ಕೇಬಲ್ ಅಲ್ಲೇ ಉಳಿಯಿತು.

ಹುಡುಗಿಯ ಅಪ್ಪ ಎತ್ತರದ ಆಳು. ಅಂಗಳಕ್ಕೆ ಕಾಲಿಟ್ಟದ್ದೇ ತಲೆಯ ರುಮಾಲು ಕೇಬಲ್ಲಿಗೆ ಸಿಕ್ಕಿ, ಶಾವಿಗೆಯೆಲ್ಲ ಅವರ ಹೆಗಲ ಮೇಲೆ ಬಿತ್ತು. ಎಲ್ಲರೂ ಶಾವಿಗೆ ಕೊಡವಲು ಓಡಿದರು. ಶೈಲಾ ಒಬ್ಬಳೇ ಹೊಟ್ಟೆ ಹಿಡಿದು ನಕ್ಕಳು. ಈ ವಾಯರ್ ಯಾಕೆಂದು ಕೇಳಿದಳು. ಮಲ್ಲಣ್ಣ ಉಪ್ಪಿಟ್ಟು ಆರುವವರೆಗೆ ವಿವರಿಸಿದ.

“ಮಶೀನ್ ಮ್ಯಾಲ ಇಷ್ಟು ಹಕ್ಕು ಕೇಳಾವ್ರು, ಹೆಂಡ್ತಿಗೂ ಅಷ್ಟ ಹಕ್ಕು ಕೊಡ್ತೀರೇನ್ರಿ?” ಎಂದಳು ಶೈಲಾ.

ಮಲ್ಲಣ್ಣ ಬೆವರು ಒರೆಸಿಕೊಂಡ. “ಕೊಡಾಕ ಬೇಕಲ್ರಿ.”

ಮದುವೆಯಾಯಿತು, ಶೈಲಾ ನನಗೆ ವೈನಿ, ಅಂದರೆ ಅತ್ತಿಗೆಯಾದಳು. ವೈನಿ ತನ್ನದೇ ಲ್ಯಾಪ್‌ಟಾಪ್ ತಂದು, ಮೊದಲ ದಿನವೇ ಅದೇ ಕಂಪನಿ ಫರ್ಮ್‌ವೇರ್ ಹಾಕಿ, ವಾಯರಿಲ್ಲದೆ ಬೇವಿನ ನೆರಳಿನಲ್ಲಿ ಕೂತಳು. ಮಲ್ಲಣ್ಣ ಗೋಗರೆದರೆ, “ಲ್ಯಾಪ್‌ಟಾಪ್ ನಂದು” ಎಂದಳು.

ನಿನ್ನೆ ಅವನ ಮನೆಗೆ ಫೋನ್ ಮಾಡಿದೆ. ವೈನಿ ಎತ್ತಿದಳು. ಅಪ್‌ಡೇಟ್ ಮುಗಿಯುತ್ತಲೇ ಇಲ್ಲ, ಏನು ಮಾಡಲಿ ಎಂದೆ.

“ಟಿವಿ ಯಾರದ್ರಿ?”

“ನಂದ, ವೈನಿ.”

“ಹಂಗಾರ ಅದರ ಅಪ್ಪಣಿ ಯಾಕ ಕಾಯಾಕತ್ತೀರಿ?”

ರೋಷ ಬಂತು. ಎದ್ದು ಸ್ವಿಚ್ ಆರಿಸಿಬಿಟ್ಟೆ. ಟಿವಿ ಆಮೇಲೆ ಹತ್ತಲೇ ಇಲ್ಲ. ಹೋಗಲಿ ಬಿಡಿ, ಈ ಮನೆಯಲ್ಲಿ ಒಮ್ಮೆಯಾದರೂ ನನ್ನ ಮಾತು ನಡೆಯಿತು.